ಪರದೆಯ ಹಿಂದೆ

ಕಪ್ಪು ಕನ್ನಡಕ ಹಾಕಿಕೊಂಡ ಮೇಲೆ ಓಟೊಕಾರ್ ವೆಸೆಲಿಗೆ ಏನೂ ಕಾಣಲಿಲ್ಲ. "ಹೋದ ವಾರದ ಹಾಗೆ ಮಾಡ್ಬೇಡಿ ವೆಸೆಲಿಯವರೇ," ಎಂದಳು ಮಿರ್ಯಾಮ್, ಪ್ರಯೋಗಾಲಯದಲ್ಲಿ ನಾಯಿಗಳಿಗೆ ಕಂಪ್ಯೂಟರ್ ಪರದೆಯ ಮೇಲಿನ ಚಿತ್ರ ಮುಟ್ಟುವುದನ್ನು ಕಲಿಸುವ ಹುಡುಗಿ. "ನೀವು ಒಂಚೂರು ವಾಲಿದ್ರೂ ಸಾಕು, ಬುರ್ಲಿ ನಿಮ್ಮನ್ನ ನೋಡ್ಕೊಂಡು ಆ ಕಡೆನೇ ಒತ್ತಿಬಿಡ್ತಾನೆ."

ಹೋದ ವಾರ ಪರದೆಯ ಮೇಲೆ ಎರಡು ಮುಖ ಮೂಡಿದ್ದವು. ಒಂದು ಯಾರೋ ಅಪರಿಚಿತ ಹೆಂಗಸಿನದು, ಇನ್ನೊಂದು ಅವನ ಹೆಂಡತಿ ರೋಸ್ವಿಟಾಳದು. ನಾಯಿ ಬುರ್ಲಿ ನೆಟ್ಟಗೆ ಹೋಗಿ ರೋಸ್ವಿಟಾಳ ಕೆನ್ನೆಗೇ ಮೂತಿ ಒತ್ತಿ, ಗಂಟೆ ಬಾರಿಸಿದಾಗ ಮುದುಕ ಕುಣಿಯುವುದೊಂದು ಬಾಕಿ. ಆಮೇಲೆ ಮಿರ್ಯಾಮ್ ವಿಡಿಯೋ ತೋರಿಸಿದಳು. ಅವನ ಭುಜ, ಗದ್ದ, ಇಡೀ ಮೈಯೇ ಹೆಂಡತಿಯ ಕಡೆಗೆ ವಾಲಿತ್ತು. ಇದು ಲೆಕ್ಕಕ್ಕಿಲ್ಲ ಎಂದಳು.

ಶನಿವಾರ ಶನಿವಾರ ಟ್ರಾಮಿನಲ್ಲಿ ನಾಯಿಯನ್ನು ಇಲ್ಲಿಗೆ ಕರೆತರುತ್ತಿದ್ದವಳು ರೋಸ್ವಿಟಾಳೇ. ಸರಿಯಾದ ಚಿತ್ರಕ್ಕೆ ಮೂತಿ ತಾಗಿಸಿದರೆ ಗಂಟೆ, ಜೊತೆಗೆ ಒಂದು ಚೂರು ಸಾಸೇಜ್. ಬಿರುದಿಲ್ಲದೆ ಯಾರನ್ನೂ ಮಾತಾಡಿಸದ ಊರು ವಿಯೆನ್ನಾ. ಪಾಠ ಕಲಿಯುವ ನಾಯಿಗೂ ಒಂದು ಬಿರುದಿರಲೆಂದು, ಮೆಟ್ಟಿಲ ಮೇಲೆ ಸಿಕ್ಕ ನೆರೆಯವರೆಲ್ಲ ಬುರ್ಲಿಗೆ "ನಮಸ್ಕಾರ ಡಾಕ್ಟರೇ" ಎನ್ನತೊಡಗಿದ್ದರು. "ನಿನ್ನ ಮಗ ಪ್ರೊಫೆಸರ್ ಆಗೋದು ಯಾವಾಗ?" ಎಂದು ಓಟೊಕಾರನೂ ಹೆಂಡತಿಯನ್ನು ರೇಗಿಸುತ್ತಿದ್ದ.

ಶರತ್ಕಾಲದಲ್ಲಿ ಅವಳು ತೀರಿಕೊಂಡಳು. ಡಾಕ್ಟರ್ ಬುರ್ಲಿ ಒಂದು ದಿನವೂ ಊಟ ಬಿಡಲಿಲ್ಲ, ಬಾಗಿಲ ಬಳಿ ಹೋಗಿ ಕುಂಯ್ಗುಡಲಿಲ್ಲ. ನಾಯಿ ತಾನೇ, ಮರೆತಿರುತ್ತೆ ಎಂದರು ಜನ. ಆ ಮಾತು ಓಟೊಕಾರನನ್ನು ಒಳಗೊಳಗೇ ತಿಂದುಹಾಕಿತು. ಅವಳು ನಿದ್ದೆಯಲ್ಲಿ ಗೊಣಗುವುದನ್ನು ಕೇಳಿದವರು ಲೋಕದಲ್ಲಿ ಅವನು ಮತ್ತು ಬುರ್ಲಿ, ಇಬ್ಬರೇ. ಬುರ್ಲಿಯೂ ಮರೆತಿದ್ದರೆ ಆ ನೆನಪಿಗೆ ಅವನೊಬ್ಬನೇ ಉಳಿದಂತೆ. ಅದಕ್ಕೇ ಈ ಪರೀಕ್ಷೆ.

ಇವತ್ತಿಗೆಂದು ಅವಳ ಬೇರೆ ಫೋಟೋ ತಂದಿದ್ದ. ಅಡುಗೆಮನೆಯಲ್ಲಿ ಬಾಯ್ತುಂಬ ನಗುತ್ತಿದ್ದಾಗ ತೆಗೆದದ್ದು. "ಇವನನ್ನ ಬಿಡ್ತಾ ಇದ್ದೀನಿ," ಎಂದಳು ಮಿರ್ಯಾಮ್.

ನೆಲದ ಮೇಲೆ ಉಗುರುಗಳ ಸದ್ದು ಪರದೆಯವರೆಗೆ ಹೋಗಿ ನಿಂತಿತು. ಓಟೊಕಾರ್ ಎರಡೂ ಕೈಗಳನ್ನು ಮಂಡಿಗಳ ನಡುವೆ ಅದುಮಿಕೊಂಡು, ಎತ್ತಲೂ ವಾಲದಂತೆ, ಗಂಟೆಗಾಗಿ ಕಾದ. ಗಂಟೆ ಬಾರಿಸಲಿಲ್ಲ. ಉಗುರುಗಳ ಸದ್ದು ಮತ್ತೆ ಎದ್ದಿತು, ಅವಸರದಲ್ಲಿ. ಆದರೆ ಅದು ಅವನ ಕಡೆಗೆ ಬರಲಿಲ್ಲ.

"ಮುಟ್ಟಲಿಲ್ವಾ?"

"ಇಲ್ಲ."

"ಎಲ್ಲಿ ಹೋದ?"

"ಪರದೆ ಹಿಂದಕ್ಕೆ." ಮಿರ್ಯಾಮ್ ಫಲಿತಾಂಶದ ಹಾಳೆ ಎಳೆದುಕೊಂಡು ಹೇಳಿದಳು, "ಉತ್ತರ ಕೊಡಲಿಲ್ಲ ಅಂತ ಹಾಕ್ಬೇಕಾಗುತ್ತೆ. ನಿಯಮ ಹಾಗಿದೆ."

ಅವನು ಕನ್ನಡಕ ತೆಗೆದ. ಪರದೆಯಲ್ಲಿ ರೋಸ್ವಿಟಾ ನಗುತ್ತಲೇ ಇದ್ದಳು. ಅದರ ಹಿಂದೆ, ವೈರುಗಳ ಸಂದಿಯಲ್ಲಿ, ಬುರ್ಲಿಯ ಬಾಲವಷ್ಟೇ ಕಾಣುತ್ತಿತ್ತು. ಗೋಡೆಗೆ ಪಟಪಟನೆ ಬಡಿಯುತ್ತಿತ್ತು. ಒಂದು ಸಲ ಹೆಸರು ಹಿಡಿದು ಕೂಗಿದ್ದರೆ ನಾಯಿ ಓಡಿ ಬರುತ್ತಿತ್ತು. ಓಟೊಕಾರ್ ಕೂಗಲಿಲ್ಲ. ಅವಳನ್ನು ಹುಡುಕುವಷ್ಟು ಹುಡುಕಲಿ ಎಂದು ಸುಮ್ಮನೆ ಕೂತ.