ತುಂಡು ಹಿಡಿಯುವವನು

"ಇನ್ನೊಂದ್ಸಲ ಬೆರಳು ಅಲ್ಲಿಟ್ರೆ ಅಕ್ಕನ್ನೇ ಕರೀತೀನಿ ಭಾವ," ಎಂದ ಭಾಮೈದ, ಗರಗಸದ ಸ್ವಿಚ್ಚು ಆರಿಸಿ.

ಭಾವ ಕೈ ಹಿಂದೆಗೆದ. ಹುಲಿ ಎದುರಾದರೆ ಊಟ ಆಯ್ತೇನೋ ಎಂದು ವಿಚಾರಿಸಿ ಕಳಿಸುವ ಗಂಡಸು. ಹೆಂಡತಿಯ ಹೆಸರೆತ್ತಿದರೆ ಮಾತ್ರ ಇಲಿ. ಮರದ ಸಣ್ಣ ತುಂಡುಗಳನ್ನು ಒಬ್ಬನೇ ಹೇಗೆ ಕೊಯ್ಯುತ್ತೇನೆಂದು ತೋರಿಸಲು ಹೊರಟಿದ್ದ.

ಮೂವತ್ತು ವರ್ಷದಿಂದ ಆ ಕೆಲಸ ಇಬ್ಬರದು. ಭಾವ ಗರಗಸದ ಜಾರುವ ಮೇಜನ್ನು ತಳ್ಳಬೇಕು, ಭಾಮೈದ ಎದುರು ನಿಂತು ಎರಡು ಕೋಲುಗಳಿಂದ ತುಂಡನ್ನು ಅದುಮಿ ಹಿಡಿಯಬೇಕು. ಅವನು ಹಿಡಿದರೆ ಮರ ಉಸಿರಾಡಲೂ ಅಪ್ಪಣೆ ಕೇಳುತ್ತಿತ್ತು. ಯಂತ್ರ ಬಂದ ಹೊಸತರಲ್ಲಿ ಈ ಜೋಡಿ ಮನೆಯ ಕುರ್ಚಿಗಳ ಕಾಲು ಸಮ ಮಾಡುತ್ತ ಮಾಡುತ್ತ, ಕೊನೆಗೆ ಮನೆಮಂದಿಯೆಲ್ಲ ಮಣೆಯ ಮೇಲೆ ಕೂತಂತಾಗಿತ್ತು. ಅಂದು ಅಕ್ಕ ಬೈದ ಬೈಗುಳಕ್ಕೆ ಗೋಡೆಯ ಸುಣ್ಣ ಉದುರಿತು. ಇವರಿಬ್ಬರೂ ಬಚ್ಚಲಲ್ಲಿ ಅಡಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಗ ನಗುವುದಕ್ಕೆ ಉಸಿರು ಬೇಕಾದಷ್ಟಿತ್ತು.

ಈಗ ಭಾಮೈದನ ಎದೆ ಸೀಟಿ ಹೊಡೆಯುತ್ತಿತ್ತು. ಮರದ ಧೂಳು ಸಾಕು ಎಂದಿದ್ದರು ಡಾಕ್ಟರು. ನಾಳೆಯಿಂದ ಅವನು ತನ್ನ ಹೆಂಡತಿಯ ಬಟ್ಟೆ ಅಂಗಡಿಯಲ್ಲಿ ಕೂರಬೇಕು. ತಾನಿಲ್ಲದಿದ್ದರೆ ಭಾವ ಒಂದು ಕೈಯಲ್ಲಿ ಮೇಜು ತಳ್ಳಿ, ಇನ್ನೊಂದರಲ್ಲಿ ತುಂಡು ಹಿಡಿಯುತ್ತಾನೆ. ಹೇಳಿದರೆ ಕೇಳುವ ಆಸಾಮಿಯಲ್ಲ. ಹಾಗಾಗಿ ಕೊನೆಯ ದಿನ ತನ್ನ ಜಾಗದಲ್ಲಿ ತುಂಡು ಹಿಡಿಯುವ ಸಾಧನವನ್ನು ತಾನೇ ಮಾಡಲು ಕೂತ.

ಎರಡು ಪ್ಲೈವುಡ್ ಹಲಗೆ. ಮುಂದಿನದು ಮೇಜಿಗೆ ಬೋಲ್ಟಿನಿಂದ ಬಿಗಿ, ಹಿಂದಿನದು ಮೇಜಿನ ಉದ್ದನೆಯ ಸೀಳಿನಲ್ಲಿ ಸರಿಯುವಂಥದ್ದು, ಅದರ ಮೇಲೆ ಒತ್ತಲೊಂದು ಮರದ ಹಿಡಿ. ಎದುರುಬದುರು ಅಂಚುಗಳಿಗೆ ಉಪ್ಪುಕಾಗದ. ನಡುವೆ ತುಂಡಿಟ್ಟು ಹಿಂದಿನಿಂದ ಒತ್ತಿದರೆ ತುಂಡು ಮಿಸುಕದು, ಮೇಜು ಮುಂದೆ ಹೋಗುವುದು, ಕೈ ಗರಗಸಕ್ಕೆ ಗೇಣು ದೂರ. ಸೀಳಿನಲ್ಲಿ ಸರಿಯುವ ಪಟ್ಟಿಯನ್ನು ಎಷ್ಟು ನಯವಾಗಿ ಹೆರೆದನೆಂದರೆ, ಇರುವೆ ಹತ್ತಿದ್ದರೆ ಜಾರಿ ಸೊಂಟ ಮುರಿದುಕೊಳ್ಳುತ್ತಿತ್ತು. ಭಾವ ಪಕ್ಕದಲ್ಲೇ ಕೂತು, ಭಾಮೈದನಿಗಿಂತ ಹಲಗೆಯೇ ಲೇಸು, ಎದುರು ಮಾತಾಡುವುದಿಲ್ಲ ಎಂದು ಹಂಗಿಸಿದ.

"ನಮ್ಮಕ್ಕನ್ನ ಕೊಟ್ಟಾಗ ನಿಮ್ಗೆ ಹತ್ತು ಬೆರಳಿದ್ವು," ಎಂದ ಭಾಮೈದ, ತಲೆ ಎತ್ತದೆ. "ಹತ್ತೂ ಹಾಗೇ ಇರ್ಲಿ. ನಾನು ಕೇಳೋದು ಅಷ್ಟೇ."

ಭಾವ ಎದ್ದು ತುಂಡಿಟ್ಟು ಒತ್ತಿದ. ಗರಗಸ ಕೂಗಿತು. ತುಂಡು ಎರಡಾಯಿತು, ಕೊಯ್ದ ಅಂಚಿನ ಪಕ್ಕದಲ್ಲಿಟ್ಟರೆ ಅಳತೆಪಟ್ಟಿಯೇ ಡೊಂಕು.

ಆದರೆ ಭಾಮೈದನ ಮುಖ ಬಾಡಿತು. ಭಾವನ ಎರಡು ಬೆರಳು ಹಿಡಿಯಲ್ಲಿ ಕೂರದೆ ಹೊರಗೆ ಉಳಿದಿದ್ದವು. ಬೆಳಗಿನಿಂದ ಭಾಮೈದ ಅರ ಹಿಡಿದು ಆ ಹಿಡಿಯನ್ನು ಉಜ್ಜಿದ್ದೆಲ್ಲ ತನ್ನದೇ ಅಂಗೈಯಲ್ಲಿ ಹಿಡಿಹಿಡಿದು ನೋಡಿ. ಭಾವನ ಕೈಯೋ, ಮೊರದಗಲ. ಬೇರೆ ಹಿಡಿ ಕೂರಿಸುತ್ತೇನೆ, ಅರ್ಧ ಗಂಟೆ ಸಾಕು ಎಂದು ಅವನು ಅರಕ್ಕೆ ಕೈ ಚಾಚಿದ.

ಭಾವ ಅರವನ್ನು ಎತ್ತಿ ತನ್ನ ಜೇಬಿಗಿಳಿಸಿದ.

"ನಿನ್ ಕೈ ಅಳತೆಗೇ ಇರ್ಲಿ ಬಿಡೋ. ಅದನ್ನೇ ಹಿಡ್ಕೋತೀನಿ."

ಭಾಮೈದ ಹೊರಗೆ ಬಂದು ಗೋಡೆಗೊರಗಿ ನಿಂತ. ಒಳಗೆ ಗರಗಸ ಮತ್ತೆ ಕೂಗಿತು. ಒಂದು ತುಂಡು ಬುಟ್ಟಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಮತ್ತೊಂದು.