ನಂದಿಬಟ್ಟಲಿನ ನೀರು, ಜಯಾನಂದನ ಬಲಗಣ್ಣು

ನವೆಂಬರ್ ಬಂತೆಂದರೆ ನೋಯ್ಡಾದಲ್ಲಿ ಕಣ್ಣು ಉರಿಯದವರು ಯಾರಿದ್ದಾರೆ ಹೇಳಿ? ಹೊರಗೆ ಹೊಗೆಮಂಜು, ಒಳಗೆ ಕಾವಲಿಯ ಹೊಗೆ. ಉಡುಪಿ ಕಡೆಯಿಂದ ಬಂದು ಇಲ್ಲಿ ಸಣ್ಣ ಹೋಟೆಲು ನಡೆಸುವ ಜಯಾನಂದ, ದೋಸೆ ಹುಯ್ಯುತ್ತಲೇ ತೋಳಿನಿಂದ ಕಣ್ಣುಜ್ಜುತ್ತಿದ್ದ. ಉಜ್ಜಿ ಉಜ್ಜಿ ಬಲಗಣ್ಣು ಕೆಂಡವಾಯಿತು.

ಹೆಂಡತಿ ಪುಷ್ಪಾವತಿ ಊರಿಂದ ತಂದ ನಂದಿಬಟ್ಟಲು ಗಿಡ ಬಾಲ್ಕನಿಯ ಕುಂಡದಲ್ಲಿತ್ತು. ಹೂವನ್ನು ಲೋಟದ ನೀರಿನಲ್ಲಿ ನೆನೆಸಿ, ದಿನಕ್ಕೆರಡು ಸಲ ಗಂಡನ ಕಣ್ಣಿಗೆ ಬಿಟ್ಟಳು. ತಣ್ಣಗಾಯಿತು ಎಂದ. ಅವಳಿಗೆ ಅಷ್ಟು ಸಾಕಾಯಿತು.

ಕಣ್ಣಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಪ್ರಕೃತಿ ಒಂದು ಗುರುವಾರ ಇಡ್ಲಿ ತಿನ್ನಲು ಬಂದವಳು ಅವನನ್ನು ನೋಡಿ ತಟ್ಟೆ ಕೆಳಗಿಟ್ಟಳು. ಬೆಳಕು ಚುಚ್ಚುತ್ತದೆ, ಮಬ್ಬಾಗಿದೆ, ಹೆಂಡತಿ ನಂದಿಬಟ್ಟಲಿನ ನೀರು ಬಿಡುತ್ತಿದ್ದಾಳೆ ಎಂದ ಜಯಾನಂದ.

"ಪುಷ್ಪಕ್ಕ, ಆ ನೀರು ಬಿಡೋದು ನಿಲ್ಲಿಸಿ. ಈಗಲೇ ಡಾಕ್ಟರ ಹತ್ತಿರ ಹೋಗೋಣ, ಚಲೋ."

"ನಮ್ಮ ಅಜ್ಜಿ ಸಾಯುವವರೆಗೂ ಇದನ್ನೇ ಬಿಟ್ಟದ್ದು. ಕನ್ನಡಕ ಹಾಕಲಿಲ್ಲ ಮಾರಾಯ್ತಿ."

ಪ್ರಕೃತಿ ತಾಳ್ಮೆಯಿಂದ ತಿಳಿಸಿದಳು. ಕೆಲವು ಗಿಡಮೂಲಿಕೆಗಳು ಪ್ರಯೋಗಾಲಯದ ಕೊಳವೆಯಲ್ಲಿ ಗುಣ ತೋರಿಸಿವೆ, ನಿಜ. ಆದರೆ ಕೊಳವೆ ಬೇರೆ, ಕಣ್ಣು ಬೇರೆ. ಮನೆಯಲ್ಲಿ ಮಾಡಿದ ಹೂವಿನ ನೀರು ಕಣ್ಣುರಿ ವಾಸಿಮಾಡುತ್ತದೆಂದು ರೋಗಿಗಳಲ್ಲಿ ಪರೀಕ್ಷಿಸಿದ ಗಟ್ಟಿ ಪುರಾವೆಯಿಲ್ಲ. ತಣ್ಣಗಾದದ್ದು ನೀರಿನ ತಂಪಿಗೆ. ಹೂವಿನ ಮೇಲಿನ ಧೂಳು, ಲೋಟದ ಕ್ರಿಮಿ ಉಜ್ಜಿ ಗೀರಿದ ಕಣ್ಣಿಗೆ ಹೊಕ್ಕರೆ ದೃಷ್ಟಿಗೇ ಅಪಾಯ.

ಪುಷ್ಪಾವತಿ ಕೇಳಿದಳು, ಒಪ್ಪಲಿಲ್ಲ. ಭಾನುವಾರದವರೆಗೆ ಹೋಟೆಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಸೋಮವಾರ ರಜೆ, ಆಗ ಹೋದರಾಯಿತು ಎಂದಳು. ನಾಲ್ಕು ದಿನವೂ ಹೂವಿನ ನೀರು ಬಿಟ್ಟಳು.

ಸೋಮವಾರ ವೈದ್ಯರು ಕರಿಗುಡ್ಡೆಯ ಮೇಲೆ ಹುಣ್ಣಾಗಿದೆ ಎಂದರು. ವಾರಗಟ್ಟಲೆ ಔಷಧಿ ಹಾಕಿದ ಮೇಲೆ ಸೋಂಕು ಇಳಿಯಿತು, ಬಿಳಿ ಕಲೆ ಉಳಿಯಿತು. ಬಲಗಣ್ಣಿಗೆ ಈಗ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯದು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂದು ನೆಂಟರು ಫೋನಿನಲ್ಲಿ ಹೇಳುತ್ತಾರೆ. ಹೇಳುವವರಿಗೇನು! ಬೇರೆ ಯಾರಾದರೂ ಮಾಡಿದ್ದರೆ ಶಪಿಸಬಹುದಿತ್ತು. ಬಿಟ್ಟದ್ದು ತನ್ನದೇ ಕೈ ಎಂದು ಪುಷ್ಪಾವತಿ ಅನ್ನದ ಮುಂದೆ ಕೂತು ಅಳುತ್ತಾಳೆ. ಜಯಾನಂದ ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಮೊನ್ನೆ ಶನಿವಾರ ಮಗಳು ಮೋನಿಷಾ ಕಣ್ಣುಜ್ಜುತ್ತಾ ಶಾಲೆಯಿಂದ ಬಂದಳು. "ಅಮ್ಮಾ, ಆಂಖ್ ಜಲ್ ರಹೀ ಹೈ, ಕಣ್ಣು ಉರೀತಿದೆ. ಅಪ್ಪನಿಗೆ ಹಾಕಿದ ನೀರು ಹಾಕು."

ಪುಷ್ಪಾವತಿ ಹೂವಿನ ಗಿಡದ ಕಡೆ ಹೋಗಲಿಲ್ಲ. ಸೋಪಿನಿಂದ ಕೈ ತೊಳೆದು, ಕುದಿಸಿ ಆರಿಸಿದ ನೀರಿನಿಂದ ಮಗಳ ಕಣ್ಣು ತೊಳೆದಳು. ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಶುಚಿ ಬಟ್ಟೆ ಇಟ್ಟಳು. ಮರುದಿನ ಮಗಳ ಕಣ್ಣಿನಲ್ಲಿ ನೋವು ಶುರುವಾಯಿತು. ಭಾನುವಾರ, ಬಾಗಿಲಲ್ಲಿ ಗಿರಾಕಿಗಳ ಸಾಲು. ಜಯಾನಂದ ತಾನೇ ಶಟರ್ ಎಳೆದು, ಒಂದೇ ಕಣ್ಣಿಗೆ ಬೀಗದ ತೂತಿನ ಅಂದಾಜು ಸಿಗದೆ ತಡಕಾಡಿದ. ಪುಷ್ಪಾವತಿ ಬೀಗ ಹಾಕಿದಳು. ಮೂವರೂ ಆಸ್ಪತ್ರೆಗೆ ಹೋದರು. ಮಗಳ ಕಣ್ಣು ಉಳಿಯಿತು.

ಅಕ್ಕಂದಿರೇ, ಅಣ್ಣಂದಿರೇ, ಉರಿಯುವ ಕಣ್ಣನ್ನು ಉಜ್ಜಬೇಡಿ. ಹೂವಿನ ರಸ, ಜೇನು, ಎದೆಹಾಲು, ಗುಲಾಬ್ ಜಲ್ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ನಂದಿಬಟ್ಟಲು ದೇವರ ತಲೆಯ ಮೇಲಿರಲಿ. ನೋವು, ಮಬ್ಬು, ಬೆಳಕು ಚುಚ್ಚುವುದು ಕಂಡರೆ ಆ ದಿನವೇ ಕಣ್ಣಿನ ವೈದ್ಯರಿಗೆ ತೋರಿಸಿ. ಸೋಮವಾರದವರೆಗೆ ಕಾಯಬೇಡಿ.