ನಿಝಾರನ ಅರ್ಜಿ

ಉತ್ತರ ಸ್ವೀಡನ್ನಿನ ಆ ಸಣ್ಣ ಊರಿನ ಶಾಲೆಯಲ್ಲಿ ಜರ್ಮನ್ ಕಲಿಯುವ ಮಕ್ಕಳ ಸಂಖ್ಯೆ ಏಳಕ್ಕೆ ಇಳಿದಿತ್ತು. ಗಣಿತಕ್ಕಾದರೋ ಪಾಠ ಹೇಳುವ ಸರ್ಕಾರಿ ಲೈಸೆನ್ಸ್ ಇರುವ ಮೇಷ್ಟ್ರು ದೀಪ ಹಿಡಿದು ಹುಡುಕಿದರೂ ಸಿಗುತ್ತಿರಲಿಲ್ಲ. ಆರು ವರ್ಷದಿಂದ ಆ ಪಾಠ ನಡೆಸುತ್ತಿದ್ದವನು ನಿಝಾರ್. ಸಿರಿಯಾದಲ್ಲಿ ಹನ್ನೊಂದು ವರ್ಷ ಗಣಿತ ಹೇಳಿ ಬಂದವನು. ಆದರೆ ಇಲ್ಲಿಯ ಲೈಸೆನ್ಸ್ ಇಲ್ಲದ್ದರಿಂದ ವರ್ಷ ವರ್ಷದ ಒಪ್ಪಂದವಷ್ಟೇ. ಪ್ರತಿ ಜೂನ್‌ಗೆ ಅವನ ಕೆಲಸ ಮುಗಿಯುತ್ತಿತ್ತು, ಆಗಸ್ಟ್‌ನಲ್ಲಿ ಮತ್ತೆ ಶುರುವಾಗುತ್ತಿತ್ತು.

ಮೂರು ವರ್ಷದ ಹಿಂದೆ ಪುರಸಭೆ ಗಣಿತದ ಲೈಸೆನ್ಸ್ ಕೊಡಿಸುವ ಮರುತರಬೇತಿಗೆ ಹೆಸರು ಕೇಳಿದಾಗ, ಮುಖ್ಯೋಪಾಧ್ಯಾಯಿನಿ ಗುನ್‌ವೋರ್ ತಾನೇ ಹೋಗಿ ಜರ್ಮನ್ ಟೀಚರ್ ಅನ್ನೆಲಿಯನ್ನು ಒಪ್ಪಿಸಿದಳು.

"ಈ ವಯಸ್ಸಲ್ಲಿ ನಂಗೆ ಸಮೀಕರಣಾನಾ? ನನ್ ಮಗಳು ಬಿದ್ದು ಬಿದ್ದು ನಗ್ತಾಳೆ ಕಣೇ."

"ನಗ್ಲಿ ಬಿಡು. ಕೆಲ್ಸ ಉಳಿಯುತ್ತಲ್ಲ."

ಅದೇ ವಾರ ನಿಝಾರ್ ಕೂಡ ಅರ್ಜಿ ತಂದುಕೊಟ್ಟ. ಅವನು ತರಬೇತಿಗೆ ಹೋದರೆ ವಾರಕ್ಕೆರಡು ದಿನ ಒಂಬತ್ತನೇ ತರಗತಿಗೆ ಗತಿಯಿಲ್ಲ. ಗುನ್‌ವೋರ್ ಅದನ್ನು ಕಳಿಸಲೇ ಇಲ್ಲ. ತಿಂಗಳ ಮೇಲೆ ಅವನು ಕೇಳಿದಾಗ, "ಪುರಸಭೆಯವರು ಒಪ್ಲಿಲ್ಲ" ಎಂದುಬಿಟ್ಟಳು. ಮಕ್ಕಳಿಗಾಗಿ ಹೇಳಿದ ಸುಳ್ಳು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಅನ್ನೆಲಿಗೆ ಸಂಜೆಯ ಹೊತ್ತು ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟವನೂ ನಿಝಾರನೇ. ಆ ಇಬ್ಬರು ಸ್ಟಾಫ್ ರೂಮಿನ ಮೇಜಿಗೆ ತಲೆಬಗ್ಗಿಸಿ ಕೂತದ್ದನ್ನು ಕಂಡಾಗಲೆಲ್ಲ ಗುನ್‌ವೋರ್ ಕಾಫಿ ಲೋಟ ಹಿಡಿದು ಬಾಗಿಲಿನಿಂದಲೇ ಹಿಂದಿರುಗುತ್ತಿದ್ದಳು.

ಈ ಮೇ ತಿಂಗಳಲ್ಲಿ ಅನ್ನೆಲಿಯ ಲೈಸೆನ್ಸ್ ಬಂತು. ಲೈಸೆನ್ಸ್ ಇದ್ದವರು ಸಿಕ್ಕ ಮೇಲೆ ಇಲ್ಲದವರನ್ನು ಇಟ್ಟುಕೊಳ್ಳುವಂತಿಲ್ಲ. ಗುನ್‌ವೋರ್ ನಿಝಾರನನ್ನು ಕರೆಸಿ, ಜೂನ್ ನಂತರ ಕೆಲಸವಿಲ್ಲವೆಂದಳು.

"ಗೊತ್ತಿತ್ತು ಮೇಡಂ. ನೀವ್ಯಾಕೆ ಬೇಜಾರ್ ಮಾಡ್ಕೋತೀರಿ? ಅವತ್ತು ಪುರಸಭೆಯವ್ರು ಒಪ್ಪಿದ್ದಿದ್ರೆ..."

"ಅವ್ರು ಬೇಡ ಅನ್ಲಿಲ್ಲ ನಿಝಾರ್. ನಾನು ಕಳಿಸ್ಲೇ ಇಲ್ಲ."



"ಪುರಸಭೇಲಿ ಅರ್ಜಿ ನೋಡೋ ಆ ಟೂರೆ ಅಂಗಡೀಲಿ ಸಿಕ್ಕಾಗೆಲ್ಲ ನಾನು ಮುಖ ತಿರುಗಿಸ್ಕೊಂಡು ಹೋಗ್ತಿದ್ದೆ. ಮೂರು ವರ್ಷ! ಪಾಪ, ಆ ಮನುಷ್ಯ ನಮಸ್ಕಾರ ಹೇಳಿದ್ರೂ..." ಎದ್ದು ನಿಂತ. ಎಷ್ಟು ಬೇಡವೆಂದರೂ ಮೇಡಂ ಎನ್ನುತ್ತಿದ್ದವನು ಈಗ ಹೆಸರು ಹಿಡಿದು ಕರೆದ. "ಗುನ್‌ವೋರ್, ನಾನು ಪಾಠ ಚೆನ್ನಾಗಿ ಮಾಡ್ತಿದ್ದೆ ಅಂತ ತಾನೇ ಹೀಗ್ ಮಾಡಿದ್ದು?"



ಮರುದಿನವೇ ಗುನ್‌ವೋರ್ ಎಲ್ಲವನ್ನೂ ಬರೆದು ಪುರಸಭೆಗೆ ಕೊಟ್ಟಳು. ಲಿಖಿತ ಎಚ್ಚರಿಕೆ ಬಂತು, ಅದೇನೂ ನೋಯಲಿಲ್ಲ. ಟೂರೆಯೇ ಓಡಾಡಿ, ತೊಂಬತ್ತು ಕಿಲೋಮೀಟರ್ ಆಚೆಯ ಶಾಲೆಯಲ್ಲಿ ನಿಝಾರನಿಗೆ ಅರ್ಧ ಕೆಲಸ, ಉಳಿದರ್ಧ ತರಬೇತಿ ಎಂದು ಗೊತ್ತುಮಾಡಿಸಿದ. ಇನ್ನೆರಡು ವರ್ಷಕ್ಕೆ ಲೈಸೆನ್ಸ್ ಕೈಗೆ ಬರುತ್ತದೆ. ಆಗ ಅವನಿಗೆ ಐವತ್ತಾಗಿರುತ್ತದೆ. ಸುಳ್ಳು ನುಂಗಿದ ಮೂರು ವರ್ಷ ಯಾರ ಕಚೇರಿಯಿಂದಲೂ ವಾಪಸ್ ಬರುವಂಥದ್ದಲ್ಲ.

ಆಗಸ್ಟ್‌ನ ಎರಡನೇ ವಾರ ಅನ್ನೆಲಿ ಗುನ್‌ವೋರಳ ಕೋಣೆಯೊಳಕ್ಕೆ ಬಂದಳು.

"ನಿಝಾರ್ ನನ್ ಫೋನ್ ಎತ್ತಲ್ಲ ಕಣೇ. ಅವನ ಕೆಲ್ಸ ನಾನು ಕಿತ್ಕೊಂಡೆ ಅಂತ ಸಿಟ್ಟೇನೋ. ರಾತ್ರಿ ನಿದ್ದೇನೇ ಬರಲ್ಲ."

ಅವಳ ಕಣ್ಣುಗಳು ಕೆಂಪಾಗಿದ್ದವು. ಗುನ್‌ವೋರ್ ಎದ್ದು ಬಾಗಿಲು ಹಾಕಿದಳು.

"ನೀನೇನೂ ಕಿತ್ಕೊಂಡಿಲ್ಲ. ಕೂತ್ಕೋ, ಅನ್ನೆಲಿ. ನಿಂಗೂ ಒಂದು ವಿಷಯ ಹೇಳ್ಬೇಕು."